ಹಿಟ್ಟಿನ ಹುಂಜ ಮತ್ತು ಅರಳುವ ಗುಂಡು

ಮನುಷ್ಯನ ಮೈಯೊಳಗೆ ಹೊಕ್ಕು ಸುಲಭವಾಗಿ ಹಿಗ್ಗುವ ಅಥವಾ ಚಪ್ಪಟೆಯಾಗುವ ಗುಂಡನ್ನು ಯುದ್ಧದಲ್ಲಿ ಬಳಸಬಾರದೆಂದು 1899ರ ಜುಲೈ 29ರಂದು ಹೇಗ್ ನಗರದಲ್ಲಿ ಕೂಡಿದ ರಾಷ್ಟ್ರಗಳು ಘೋಷಣೆಯೊಂದನ್ನು ಹೊರಡಿಸಿದವು. ಇಂಗ್ಲೆಂಡಿನ 1991ರ ಜಿಂಕೆ ಕಾಯಿದೆಯಾದರೋ ರೈಫಲ್ಲಿನಿಂದ ಜಿಂಕೆಯನ್ನು ಹೊಡೆಯುವವರು ಮೂತಿ ಮೆತ್ತಗಿರುವ ಅಥವಾ ಮೂತಿ ಟೊಳ್ಳಾಗಿರುವ, ಎಂದರೆ ಒಳಹೊಕ್ಕು ಹಿಗ್ಗುವ ಗುಂಡನ್ನೇ ಬಳಸತಕ್ಕದ್ದೆಂದು ವಿಧಿಸುತ್ತದೆ. ಒಂದೇ ವಸ್ತು ಒಂದು ಮೈಯಲ್ಲಿ ಕ್ರೌರ್ಯವೆನಿಸಿ ಇನ್ನೊಂದು ಮೈಯಲ್ಲಿ ಕರುಣೆಯೆನಿಸುವುದು ಮೇಲ್ನೋಟಕ್ಕೆ ವಿಚಿತ್ರವಾಗಿ ಕಂಡರೂ ಅದರ ಹಿಂದಿನ ತರ್ಕ ಸರಳವಾದುದು. ಯುದ್ಧದಲ್ಲಿ ಎದುರಾಳಿ ಕಾದಲಾರದ ಸ್ಥಿತಿಗೆ ಬಂದರೆ ಸಾಕು, ಅವನ ಗಾಯ ಅದಕ್ಕಿಂತ ದೊಡ್ಡದಾಗಬೇಕಾಗಿಲ್ಲ. ಬೇಟೆಯಲ್ಲಿ ಸಾವು ಮೊದಲೇ ತೀರ್ಮಾನವಾಗಿರುವುದರಿಂದ ಅದು ಬೇಗ ಬಂದಷ್ಟೂ ನೋವು ಕಡಿಮೆ. ಹಾಗಾದರೆ ಕ್ರೌರ್ಯವನ್ನೂ ಕರುಣೆಯನ್ನೂ ಅಳೆಯುವ ಗೆರೆ ಸೀಸ ತಾಮ್ರಗಳಲ್ಲಿ ಇರದೆ ಹಾರಿಸುವವನ ಸಂಕಲ್ಪದಲ್ಲಿದೆ ಎಂದಾಯಿತು, ಮತ್ತು ಸಂಕಲ್ಪಕ್ಕೂ ಹಿಂಸೆಗೂ ಇರುವ ನಂಟನ್ನು ಕನ್ನಡದ ಧರ್ಮಚಿಂತನೆ ಬಂದೂಕು ಬರುವ ಎಷ್ಟೋ ಶತಮಾನ ಮೊದಲೇ ಹಿಟ್ಟಿನ ಕೋಳಿಯೊಂದನ್ನು ಮುಂದಿಟ್ಟುಕೊಂಡು ಚರ್ಚಿಸಿತ್ತು.

ಈ ಪ್ರಶ್ನೆಯನ್ನು ಇಟ್ಟು ನೋಡಲು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕಿಂತ ತಕ್ಕ ಸ್ಥಳ ಸಿಗುವುದು ಕಷ್ಟ. ಗುಂಡ್ಲುಪೇಟೆಯಿಂದ ಊಟಿಯ ಕಡೆಗೆ ಹೊರಟು ಹಂಗಳದ ಬಳಿ ತಿರುಗಿದರೆ ಎದುರಾಗುವ, ಸಮುದ್ರಮಟ್ಟದಿಂದ 1454 ಮೀಟರ್ ಎತ್ತರದ ಈ ಬೆಟ್ಟ ಬಂಡೀಪುರದ ಕಾಡಿನೊಳಗೇ ಇದೆ. ನೆತ್ತಿಯ ಮೇಲಿನ ಗುಡಿಯಲ್ಲಿ ಕೊಳಲೂದುವ ವೇಣುಗೋಪಾಲ ನಿಂತಿದ್ದಾನೆ, ಮತ್ತು ಅಗಸ್ತ್ಯ ಮಹರ್ಷಿಯ ತಪಸ್ಸಿಗೆ ಒಲಿದು ವಿಷ್ಣು ಇಲ್ಲಿ ನೆಲೆಸಿದನೆಂದು ಸ್ಥಳಪುರಾಣ ಹೇಳುತ್ತದೆ. ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಈ ಪ್ರದೇಶದ ಸುಮಾರು 90 ಚದರ ಕಿಲೋಮೀಟರ್ 1931ರಲ್ಲಿ ರಕ್ಷಿತ ವನವಾಯಿತು, ಅದು ಬೆಳೆದು ಈ ದೇವರ ಹೆಸರಿನಲ್ಲೇ ವೇಣುಗೋಪಾಲ ವನ್ಯಜೀವಿ ಉದ್ಯಾನವೆನಿಸಿತು, 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಬಂಡೀಪುರ ಅದರ ಮೊದಲ ಕಾಡುಗಳಲ್ಲೊಂದಾಯಿತು. ಈಡುಗಾರರ ಕಾಡಿಗೆ ಗೋವಳನ ಹೆಸರು ಬಂದದ್ದು ಆಕಸ್ಮಿಕವಿರಬಹುದು. ಆದರೆ ಬೇಟೆಗಾರನ ಬಾಣದಿಂದಲೇ ಅವತಾರ ಮುಗಿಸಿದ ದೇವರು ಈ ಕೃಷ್ಣನೊಬ್ಬನೇ ಎಂಬುದನ್ನು ನೆನೆದರೆ ಆ ಆಕಸ್ಮಿಕಕ್ಕೆ ಬೇರೊಂದು ಅರ್ಥ ಬರುತ್ತದೆ.

ಮೊದಲು ಗುಂಡಿನ ಸ್ವಭಾವವನ್ನು ತಿಳಿಯಬೇಕು. ಹಳೆಯ ಕೋವಿಗಳ ಕಾಲದಲ್ಲಿ ಗುಂಡೆಂದರೆ ಸೀಸದ ಉಂಡೆ, ಮತ್ತು ಕೋವಿಯ ಗಾತ್ರವನ್ನು ಹೇಳುತ್ತಿದ್ದುದೇ ಒಂದು ಪೌಂಡ್ ಸೀಸದಲ್ಲಿ ಅಂಥ ಎಷ್ಟು ಉಂಡೆ ಆಗುತ್ತವೆ ಎಂಬ ಲೆಕ್ಕದಲ್ಲಿ. 1870ರ ದಶಕದಲ್ಲಿ ಚಾಮರಾಜನಗರದ ಸುತ್ತಿನ ಕಾಡಿನಲ್ಲಿ ಆನೆಗಳನ್ನು ಖೆಡ್ಡಾಕ್ಕೆ ಕೆಡವಿದ ಜಿ. ಪಿ. ಸ್ಯಾಂಡರ್ಸನ್ ಆನೆಬೇಟೆಗೆ ಹೊತ್ತದ್ದು ನಾಲ್ಕು ಬೋರಿನ ಕೋವಿ, ಎಂದರೆ ಒಂದೊಂದು ಗುಂಡೂ ಕಾಲು ಪೌಂಡ್ ತೂಗುವಂಥದು. ಹೊಗೆಯಿಲ್ಲದ ಮದ್ದು ಬಂದು ಗುಂಡಿನ ವೇಗ ಹೆಚ್ಚಿದ ಮೇಲೆ ಬರಿಯ ಸೀಸ ನಳಿಗೆಯೊಳಗೇ ಸವೆದು ಮೆತ್ತಿಕೊಳ್ಳತೊಡಗಿದ್ದರಿಂದ ಅದಕ್ಕೆ ತಾಮ್ರದ ಕವಚ ತೊಡಿಸಿದರು. ಕವಚ ಪೂರ್ತಿ ಮುಚ್ಚಿದ್ದರೆ ಗುಂಡು ಸೂಜಿಯಂತೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹಾದು ಹೋಗುತ್ತದೆ, ಪ್ರಾಣಿ ಕಿರಿದಾದ ಗಾಯದೊಡನೆ ಮೈಲಿಗಟ್ಟಲೆ ಓಡಿ ಯಾವುದೋ ಹಳ್ಳದಲ್ಲಿ ದಿನಗಟ್ಟಲೆ ನರಳಿ ಸಾಯುತ್ತದೆ. ಮೂತಿಯಲ್ಲಿ ಕವಚ ಬಿಟ್ಟು ಸೀಸವನ್ನು ತೆರೆದಿಟ್ಟರೆ ಮಾಂಸದ ಒತ್ತಡಕ್ಕೆ ಅದು ಹಿಂದಕ್ಕೆ ಮಡಿಚಿಕೊಂಡು, ಮಳೆಗಾಲದ ಅಣಬೆ ಕೊಡೆ ಬಿಚ್ಚಿದಂತೆ ಅರಳಿ, ಮೂಲ ಅಗಲದ ಒಂದೂವರೆ ಎರಡು ಪಟ್ಟಿನಷ್ಟಾಗಿ, ಹೃದಯ ಶ್ವಾಸಕೋಶಗಳಲ್ಲಿ ಅಗಲವಾದ ದಾರಿ ಕೊರೆಯುತ್ತದೆ.

ಆದರೆ ಅರಳುವುದಕ್ಕೂ ಒಂದು ಹದವಿದೆ. ತೀರ ಬೇಗ ಅರಳಿದ ಗುಂಡು ಚರ್ಮದ ಕೆಳಗೇ ಚೂರಾಗಿ ಭುಜದ ಮೇಲೆ ಅಂಗೈಯಗಲದ ಹುಣ್ಣು ಮಾಡಿ ನಿಂತುಬಿಡುತ್ತದೆ, ಒಳಗಿನ ಜೀವಾಳವನ್ನು ಮುಟ್ಟುವುದೇ ಇಲ್ಲ. ದೂರ ಸಾಗಿ ವೇಗ ಕುಂದಿದ ಗುಂಡು ಅರಳದೆ ಹಾದುಹೋಗುತ್ತದೆ. ಅಮೆರಿಕದ ಜಾನ್ ನೋಸ್ಲರ್ ಎಂಬವನು ಮೂಸ್ ಎಂಬ ಭಾರಿ ಗಾತ್ರದ ಜಿಂಕೆಜಾತಿಯ ಪ್ರಾಣಿಗೆ ಗುಂಡಿನ ಮೇಲೆ ಗುಂಡು ಹೊಡೆದರೂ ಅವು ಒಳಗಿಳಿಯದೆ ಹೋದದ್ದನ್ನು ಕಂಡು, 1940ರ ದಶಕದಲ್ಲಿ ಒಂದೇ ಗುಂಡಿನ ನಡುವೆ ತಾಮ್ರದ ಅಡ್ಡಗೋಡೆಯಿಟ್ಟು, ಮುಂದಿನ ಅರೆ ಅರಳುವಂತೆಯೂ ಹಿಂದಿನ ಅರೆ ಗಟ್ಟಿಯಾಗಿ ಉಳಿದು ಒಳಕ್ಕೆ ನೂಕುವಂತೆಯೂ ಮಾಡಿದ. ಹೀಗೆ ಗುಂಡಿನ ವಿನ್ಯಾಸವೆಂಬುದು ಅಗಲ ಮತ್ತು ಆಳಗಳ ನಡುವಿನ ಚೌಕಾಸಿಯಾಯಿತು, ಆ ಚೌಕಾಸಿಯ ಫಲ ತಿಳಿಯಲು ಪರೀಕ್ಷೆ ಬೇಕಾಯಿತು.

ಪರೀಕ್ಷೆ ನಡೆಯುವ ಬಗೆಯೇ ಈ ಬರಹಕ್ಕೆ ಮುಖ್ಯವಾದುದು. ನೂರು ಪಾಲು ತೂಕದಲ್ಲಿ ಹತ್ತು ಪಾಲು ಜೆಲಟಿನ್ ಎಂಬ ಅಂಟುಪುಡಿ, ಉಳಿದದ್ದು ನೀರು ಎಂಬ ಲೆಕ್ಕದಲ್ಲಿ ಕರಗಿಸಿ, ಅಚ್ಚಿಗೆ ಹೊಯ್ದು, 4 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ತಣಿಸಿದರೆ ಜೇನಿನ ಬಣ್ಣದ, ಮುಟ್ಟಿದರೆ ನಡುಗುವ ದಿಮ್ಮಿಯೊಂದು ಸಿದ್ಧವಾಗುತ್ತದೆ. ಅದರ ಹದ ಸರಿಯಿದೆಯೇ ಎಂದು ತಿಳಿಯಲು ಮೊದಲು ಸೆಕೆಂಡಿಗೆ ಸುಮಾರು 180 ಮೀಟರ್ ವೇಗದಲ್ಲಿ ಪುಟ್ಟ ಉಕ್ಕಿನ ಗೋಲಿಯೊಂದನ್ನು ಹೊಡೆದು ಅದು ಎಂಟೂವರೆ ಸೆಂಟಿಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆಯೇ ಎಂದು ನೋಡುತ್ತಾರೆ. ಆಮೇಲೆ ರೈಫಲ್ಲಿನ ಗುಂಡು ಬಡಿದಾಗ ದಿಮ್ಮಿ ಒಂದು ಗಳಿಗೆ ಬಲೂನಿನಂತೆ ಉಬ್ಬಿ ಮತ್ತೆ ಕುಸಿಯುತ್ತದೆ: ಆ ಉಬ್ಬಿನಲ್ಲಿ ಆಗಿ ಮಾಯವಾಗುವ ಪೊಳ್ಳನ್ನು ತಾತ್ಕಾಲಿಕ ಕುಹರವೆಂದೂ, ಗುಂಡು ಹಾದ ದಾರಿಯಲ್ಲಿ ಹರಿದು ಉಳಿಯುವ ಸುರಂಗವನ್ನು ಶಾಶ್ವತ ಕುಹರವೆಂದೂ ಕರೆಯುವುದು ವಾಡಿಕೆ. ದಿಮ್ಮಿಯನ್ನು ಸೀಳಿ ಗುಂಡನ್ನು ಹೊರತೆಗೆದು, ತೊಳೆದು, ತಕ್ಕಡಿಯಲ್ಲಿಟ್ಟು, ಎಷ್ಟು ತೂಕ ಉಳಿಯಿತು, ಎಷ್ಟು ಅಗಲ ಅರಳಿತು, ಎಷ್ಟು ಆಳಕ್ಕೆ ಹೋಯಿತು ಎಂದು ಬರೆದುಕೊಳ್ಳುತ್ತಾರೆ. ಬಡವರ ಪರೀಕ್ಷೆ ನೆನೆಸಿದ ಹಳೆಯ ಪತ್ರಿಕೆಗಳ ಕಟ್ಟಿನಲ್ಲಿ ನಡೆಯುತ್ತದೆ. ಅಲ್ಲಿ ರಕ್ತವಿಲ್ಲ, ಚೀತ್ಕಾರವಿಲ್ಲ, ಸಾಯುವುದೂ ಯಾವುದೂ ಇಲ್ಲ.

ಇಲ್ಲಿಗೆ ಹಿಟ್ಟಿನ ಹುಂಜ ಬರುತ್ತದೆ. ಹೊಯ್ಸಳರ ಕಾಲದ ಜನ್ನ ಕವಿ 1209ರಲ್ಲಿ ಬರೆದು ಮುಗಿಸಿದ ಯಶೋಧರ ಚರಿತೆಯಲ್ಲಿ ಕೆಟ್ಟ ಕನಸಿಗೆ ಶಾಂತಿಯಾಗಿ ಪ್ರಾಣಿಬಲಿ ಕೊಡೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ, ಮಗ ಯಶೋಧರ ಕೊಲ್ಲಲಾರೆನೆನ್ನುತ್ತಾನೆ, ಕೊನೆಗೆ ಇಬ್ಬರೂ ಹಿಟ್ಟಿನಿಂದ ಮಾಡಿದ ಹುಂಜವೊಂದನ್ನು ಕಡಿಯುವ ರಾಜಿಗೆ ಬರುತ್ತಾರೆ. ಕತ್ತಿ ಬಿದ್ದಾಗ ಆ ಹುಂಜ ಕೂಗುತ್ತದೆ, ಮತ್ತು ತಾಯಿ ಮಗ ಇಬ್ಬರೂ ಜನ್ಮ ಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಕೊಲೆಗೀಡಾಗುತ್ತಾ ಹೋಗುತ್ತಾರೆ. ಗಿರೀಶ ಕಾರ್ನಾಡರು ಇದೇ ಕಥೆಯನ್ನು ಹಿಟ್ಟಿನ ಹುಂಜವೆಂಬ ನಾಟಕವಾಗಿಸಿದ್ದರಿಂದ ಇಂದಿನ ಓದುಗರಿಗೂ ಅದು ಪರಿಚಿತ. ಕಥೆಯ ಹಿಂದಿರುವ ಜೈನ ಸಿದ್ಧಾಂತ ಹಿಂಸೆಯನ್ನು ಎರಡಾಗಿ ಬಿಡಿಸುತ್ತದೆ: ಜೀವಕ್ಕೆ ಹೊರಗಿನಿಂದ ಆಗುವ ಹಾನಿ ದ್ರವ್ಯಹಿಂಸೆ, ಹಾನಿ ಮಾಡುವ ಮನಸ್ಸಿನ ಪರಿಣಾಮ ಭಾವಹಿಂಸೆ, ಹುಂಜದಲ್ಲಿ ಜೀವವಿರಲಿಲ್ಲವಾದ್ದರಿಂದ ದ್ರವ್ಯಹಿಂಸೆ ಆಗದಿದ್ದರೂ ಕತ್ತಿಯೆತ್ತಿದ ಮನಸ್ಸಿನಲ್ಲಿ ಕೊಲೆ ಆಗಿಹೋಗಿತ್ತು.

ಈ ಅಳತೆಗೋಲನ್ನು ಜೆಲಟಿನ್ ದಿಮ್ಮಿಗೆ ಹಿಡಿದರೆ ಗುಂಡು ಹಾರಿಸಿದವನು ಯಶೋಧರನ ಸಾಲಿಗೇ ಸೇರುತ್ತಾನೆಯೆ? ಸೇರುತ್ತಾನೆ ಎನ್ನುವ ವಾದಕ್ಕೆ ಬಲವಿದೆ, ಏಕೆಂದರೆ ದಿಮ್ಮಿಗೆ ಸ್ವಂತ ಅರ್ಥವೇ ಇಲ್ಲ. ಅದು ಯಾವುದೋ ಕಡವೆಯ ಪಕ್ಕೆಯ ಪ್ರತಿನಿಧಿ, ಮತ್ತು ಬರೆದುಕೊಂಡ ಪ್ರತಿಯೊಂದು ಅಂಕಿಯೂ ಇನ್ನೂ ಸಾಯದ ಪ್ರಾಣಿಯೊಂದರ ಸಾವಿನ ವಿವರ. ಹಿಟ್ಟಿಗಿಂತ ದಿಮ್ಮಿ ಒಂದು ಹೆಜ್ಜೆ ಮುಂದೆಯೂ ಹೋಗಿದೆ. ಹಿಟ್ಟು ಬೆಳೆದದ್ದು ಹೊಲದಲ್ಲಿ, ಜೆಲಟಿನ್ ಬರುವುದು ದನದ ಮತ್ತು ಹಂದಿಯ ಚರ್ಮ ಮೂಳೆಗಳನ್ನು ಬೇಯಿಸಿ ತೆಗೆದ ಸಾರದಿಂದ. ಪ್ರಾಣಿಯನ್ನು ಕೊಲ್ಲದೆ ಪರೀಕ್ಷಿಸಲೆಂದು ಮಾಡಿದ ಬದಲಿ ವಸ್ತು ಕೊಂದ ಪ್ರಾಣಿಗಳಿಂದಲೇ ಆಗಿದೆ, ಗೋಪಾಲನ ಬೆಟ್ಟದ ಕೆಳಗೆ ನಿಂತು ಹೇಳಲು ಇದು ಸ್ವಲ್ಪ ಮುಜುಗರದ ಮಾತು. ಆದರೂ ಯಶೋಧರನಿಗೂ ಇವನಿಗೂ ಒಂದು ವ್ಯತ್ಯಾಸ ಉಳಿಯುತ್ತದೆ. ಯಶೋಧರ ಕಡಿದದ್ದು ತಾಯಿಯ ಒತ್ತಾಯಕ್ಕೆ ಮಣಿದು ಕನಸಿನ ಶಾಂತಿಗೆಂದು, ಸಾಯುವ ಜೀವಕ್ಕೆ ಎಷ್ಟು ಹೊತ್ತು ನೋವಾದೀತೆಂಬ ಲೆಕ್ಕ ಅಲ್ಲಿ ಇರಲೇ ಇಲ್ಲ. ಗುಂಡಿನ ಪರೀಕ್ಷಕನ ಲೆಕ್ಕವೆಲ್ಲ ಆ ನೋವಿನ ಅವಧಿಯನ್ನು ಕುರಿತದ್ದು.

ಈ ವ್ಯತ್ಯಾಸಕ್ಕೆ ಬೆಲೆ ಕಟ್ಟಲು ಬೇಕಾದ ಪರಿಭಾಷೆ ದೂರದಿಂದ ಬರಬೇಕಾಗಿಲ್ಲ. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿ ಪ್ರಾಚೀನ ಜೈನ ಕ್ಷೇತ್ರ, ಮತ್ತು ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿಯೆಂಬ ವ್ಯಾಖ್ಯಾನ ಬರೆದ ಪೂಜ್ಯಪಾದಾಚಾರ್ಯರ ನೆನಪನ್ನು ಆ ಬೆಟ್ಟದ ಪರಂಪರೆ ತನ್ನದಾಗಿ ಕಾಯ್ದುಕೊಂಡಿದೆ. ಹಿಂಸೆಯೆಂದರೆ ಪ್ರಮಾದಯುಕ್ತವಾದ ಪ್ರವೃತ್ತಿಯಿಂದ ಪ್ರಾಣವನ್ನು ಕಳೆಯುವುದು ಎಂದು ಸೂತ್ರಕಾರನಾದ ಉಮಾಸ್ವಾತಿ ಹೇಳಿದ್ದಾನೆ. ಪ್ರಮಾದವೆಂದರೆ ಕಷಾಯಗಳಿಂದ, ಎಂದರೆ ಕ್ರೋಧ ಲೋಭಾದಿಗಳಿಂದ ಮಸುಕಾದ ಎಚ್ಚರಗೇಡಿತನ. ಅಡಿ ನೋಡಿ ನಡೆಯುವ ಮುನಿಯ ಕಾಲ ಕೆಳಗೆ ಹುಳವೊಂದು ಬಂದು ಸತ್ತರೆ ಅವನಿಗೆ ಬಂಧವಿಲ್ಲವೆಂದೂ, ಎಚ್ಚರವಿಲ್ಲದೆ ನಡೆಯುವವನು ಜೀವ ಸಾಯಲಿ ಬಿಡಲಿ ಹಿಂಸಕನೇ ಎಂದೂ ವ್ಯಾಖ್ಯಾನದಲ್ಲಿ ವಿವರಣೆಯಿದೆ. ಇದರ ಬೆಳಕಿನಲ್ಲಿ ನೋಡಿದರೆ ಗುಂಡಿನ ಪರೀಕ್ಷೆ ಎಂಬುದು ಎಚ್ಚರದ ಒಂದು ರೂಪ. ಪರೀಕ್ಷಿಸದ ಗುಂಡಿನಿಂದ, ಕೈಗೆ ಬಂದ ದೂರದಿಂದ ಈಡು ಹಾರಿಸುವವನದು ಪ್ರಮಾದ.

ಆದರೆ ಈ ತರ್ಕವನ್ನು ಇಲ್ಲಿಗೇ ನಿಲ್ಲಿಸಿದರೆ ಬೇಟೆಗಾರನಿಗೆ ಅಗ್ಗದಲ್ಲಿ ಬಿಡುಗಡೆ ಕೊಟ್ಟಂತಾಗುತ್ತದೆ. ಮುನಿಯ ಎಚ್ಚರ ಹುಳ ಸಾಯದಿರಲೆಂದು, ಪರೀಕ್ಷಕನ ಎಚ್ಚರ ಕಡವೆ ತಪ್ಪದೆ ಸಾಯಲೆಂದು; ಎರಡಕ್ಕೂ ಎಚ್ಚರವೆಂಬ ಒಂದೇ ಹೆಸರಿಟ್ಟರೂ ಅವು ಮುಖ ಮಾಡಿರುವ ದಿಕ್ಕು ಬೇರೆ. ಜೈನ ಆಚಾರಗ್ರಂಥಗಳು ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ, ಅಡುಗೆ ಮನೆವಾರ್ತೆಯಲ್ಲಿ, ಉಳುಮೆ ವ್ಯಾಪಾರಗಳಲ್ಲಿ, ಆತ್ಮರಕ್ಷಣೆಯಲ್ಲಿ ಆಗುವ ಹಿಂಸೆಗೆ ಒಂದಿಷ್ಟು ರಿಯಾಯಿತಿ ಕೊಟ್ಟು, ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪಿ ಹಿಂಸೆಯನ್ನು ಮಾತ್ರ ಪೂರ್ತಿಯಾಗಿ ಕೈಬಿಡಹೇಳುತ್ತವೆ. ಮೋಜಿನ ಬೇಟೆ ಆ ಮೊದಲ ಗುಂಪಿಗೆ ಸೇರಿದ್ದು, ಮತ್ತು ಗುಂಡು ಎಷ್ಟು ಚೆನ್ನಾಗಿ ಅರಳಿದರೂ ಅದನ್ನು ರಿಯಾಯಿತಿಯ ಗುಂಪಿಗೆ ದಾಟಿಸಲಾರದು. ಪರೀಕ್ಷೆಯ ಅಂಕಿಗಳು ಹೇಗೆ ಕೊಲ್ಲಬೇಕೆಂಬ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸುತ್ತವೆ. ತೊಡಕು ಹುಟ್ಟುವುದು ಅದೇ ಉತ್ತರವನ್ನು ಏಕೆ ಕೊಲ್ಲಬೇಕೆಂಬ, ಯಾರೂ ಕೇಳದೆ ಬಿಟ್ಟ ಪ್ರಶ್ನೆಯ ಎದುರಿಗೂ ಇಟ್ಟಾಗ.

ಹೇಗೆ ಎಂಬುದರಿಂದ ಏಕೆ ಎಂಬುದಕ್ಕೆ ಆಗುವ ಈ ಜಾರುವಿಕೆ ಮಹಾಭಾರತಕ್ಕೆ ತಿಳಿದಿತ್ತು. ಆದಿಪರ್ವದಲ್ಲಿ ಪಾಂಡುರಾಜ ಕೂಡುತ್ತಿದ್ದ ಜಿಂಕೆಗಳ ಜೋಡಿಗೆ ಬಾಣ ಬಿಡುತ್ತಾನೆ, ಗಂಡು ಜಿಂಕೆಯಾಗಿದ್ದವನು ಕಿಂದಮನೆಂಬ ಋಷಿ; ಸಾಯುತ್ತಾ ಅವನು ಎತ್ತುವ ಆಕ್ಷೇಪ ಬೇಟೆಯ ಮೇಲಲ್ಲ, ಅಂಥ ಹೊತ್ತಿನಲ್ಲಿ ಕಾಯದೆ ಹೊಡೆದ ಕ್ರೌರ್ಯದ ಮೇಲೆ, ಎಂದರೆ ರೀತಿಯ ಮೇಲೆ. ಪಾಂಡು ಉತ್ತರಿಸುವುದು ಮಾತ್ರ ಹಕ್ಕಿನ ಭಾಷೆಯಲ್ಲಿ: ಅರಸರು ಬೇಟೆಯಾಡುವುದು ಧರ್ಮ, ಸತ್ರಯಾಗದಲ್ಲಿ ಕುಳಿತ ಅಗಸ್ತ್ಯನೇ ಕಾಡಿನ ಮೃಗಗಳನ್ನು ಬೇಟೆಯಾಡಿದ್ದನಲ್ಲ ಎಂದು ಅವನು ಆಧಾರ ಕೊಡುತ್ತಾನೆ. ಯಾವ ಅಗಸ್ತ್ಯನ ತಪಸ್ಸಿನಿಂದ ಗೋಪಾಲಸ್ವಾಮಿ ಬೆಟ್ಟ ಪುಣ್ಯಕ್ಷೇತ್ರವಾಯಿತೋ ಅದೇ ಅಗಸ್ತ್ಯ ಇಲ್ಲಿ ಬೇಟೆಗಾರರ ಸಾಕ್ಷಿಯಾಗಿ ನಿಲ್ಲುತ್ತಾನೆ. ಶಾಸ್ತ್ರವೂ ಒಂದೇ ಮಾತಾಡುವುದಿಲ್ಲ: ಮನುಸ್ಮೃತಿ ಮೃಗಯೆಯನ್ನು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳಲ್ಲಿ ಎಣಿಸಿದರೆ, ಕೌಟಿಲ್ಯ ಅದು ವ್ಯಸನವೇ ಆದರೂ ಜೂಜಿಗಿಂತ ಮೇಲು, ಮೈಗೆ ವ್ಯಾಯಾಮವಿದೆ, ಓಡುವ ಗುರಿಗೆ ಹೊಡೆಯುವ ಅಭ್ಯಾಸವಿದೆ, ಹೆದರಿದ ಮತ್ತು ಕೆರಳಿದ ಪ್ರಾಣಿಗಳ ಮನಸ್ಸಿನ ಅರಿವಿದೆ ಎಂದು ಲೆಕ್ಕ ಹಾಕುತ್ತಾನೆ.

ಕೌಟಿಲ್ಯನ ಆ ಕೊನೆಯ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಬಂಡೀಪುರವನ್ನು ಮೊದಲು ಉಳಿಸಿದವರು ಅಲ್ಲಿ ಈಡಾಡಿದ ಅರಸರೇ. ಕೋವಿ ಹಿಡಿದು ಕಾಡು ಕಲಿತು ಕೊನೆಗೆ ಕಾಡಿನ ಪರವಾಗಿ ಬರೆದ ಬೆಂಗಳೂರಿನ ಕೆನೆತ್ ಆಂಡರ್ಸನ್‌ನನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದದ್ದೂ ಸುಮ್ಮನಲ್ಲ. ಆದರೆ ರಾಜರ ಶಿಕಾರಿಯಲ್ಲಿ ಗುಂಡನ್ನು ಆರಿಸುವಾಗ ಪ್ರಾಣಿಯ ನೋವಿನ ಜೊತೆಗೆ ಇನ್ನೊಂದು ಚಿಂತೆಯೂ ಇರುತ್ತಿತ್ತು. ಸತ್ತ ಹುಲಿ ಮೈಸೂರಿನ ವ್ಯಾನ್ ಇಂಗೆನ್ ಅವರ ಕಾರ್ಖಾನೆಗೆ ಹೋಗಿ, ಕಾಗದದ ತಿರುಳಿನ ಒಡಲು ತುಂಬಿಸಿಕೊಂಡು, ಗಾಜಿನ ಕಣ್ಣಿಟ್ಟುಕೊಂಡು ದಿವಾನಖಾನೆಯಲ್ಲಿ ನಿಲ್ಲಬೇಕಾದ್ದು. ಅತಿಯಾಗಿ ಅರಳಿದ ಗುಂಡು ಹೊರಬರುವಾಗ ಚರ್ಮವನ್ನು ಹರಿದುಬಿಡುತ್ತದೆ. ಪಟ್ಟೆಯ ಮೇಲಿನ ತೂತು ಚಿಕ್ಕದಾಗಿರಲೆಂಬ ಆಸೆ ಮತ್ತು ಸಾವು ಬೇಗ ಬರಲೆಂಬ ದಯೆ ಒಂದೇ ತೋಟಾದಲ್ಲಿ ಕೂರುವುದು ಕಷ್ಟವೇ.

ಸಂಕಲ್ಪದ ಗೆರೆಯನ್ನು ಯಾರು ಎಳೆಯುತ್ತಾರೆ ಎಂಬ ಪ್ರಶ್ನೆಗೂ ಇಲ್ಲಿ ಒಂದು ಮಾತು ಸಲ್ಲಬೇಕು. ಅರಳುವ ಗುಂಡಿಗೆ ಜಗತ್ತು ಕೊಟ್ಟ ಹೆಸರು ದಮ್‌ದಮ್, ಅದು ಕಲ್ಕತ್ತೆಯ ಬಳಿಯ ಮದ್ದುಗುಂಡಿನ ಕಾರ್ಖಾನೆಯ ಊರು; ವಾಯವ್ಯ ಗಡಿಯ 1895ರ ಚಿತ್ರಾಲ್ ದಂಡಯಾತ್ರೆಯಲ್ಲಿ ಪೂರ್ತಿ ಕವಚದ ಗುಂಡು ಹಾದುಹೋದ ಮೇಲೂ ಎದುರಾಳಿಗಳು ನುಗ್ಗಿಬಂದರೆಂಬ ದೂರಿನ ಬೆನ್ನಿಗೆ ಕ್ಯಾಪ್ಟನ್ ಬರ್ಟಿ ಕ್ಲೇ ಎಂಬ ಅಧಿಕಾರಿ ಅಲ್ಲಿ ಕವಚದ ಮೂತಿ ತೆರೆದ ಗುಂಡನ್ನು ಮಾಡಿಸಿದ. ಹೇಗ್ ಸಭೆಯಲ್ಲಿ ಬ್ರಿಟನ್ನಿನ ಪರವಾಗಿ ಸರ್ ಜಾನ್ ಅರ್ಡಾ ವಾದಿಸಿದ್ದು, ನಾಗರಿಕ ಸೈನಿಕ ಗಾಯವಾದೊಡನೆ ಹಿಂದೆ ಸರಿಯುತ್ತಾನೆ, ಅನಾಗರಿಕ ಸರಿಯುವುದಿಲ್ಲ, ಆದ್ದರಿಂದ ಅವನಿಗೆ ಬೇರೆ ಗುಂಡು ಬೇಕೆಂದು. ಜಿಂಕೆಗೆ ಹೇಳುವ ತರ್ಕವನ್ನೇ ಆ ಸಭೆಯಲ್ಲಿ ವಾಯವ್ಯ ಗಡಿಯ ಪಠಾಣರಿಗೂ ಹೇಳಲಾಯಿತು. ದಯೆಯ ಲೆಕ್ಕಾಚಾರ ತಪ್ಪಿದ್ದು ಅಂಕಿಗಳಲ್ಲಿ ಅಲ್ಲ, ಯಾರು ಸಾಯಲೇಬೇಕಾದವರು ಎಂಬ ಮೊದಲ ಸಾಲಿನಲ್ಲೇ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಬಂಡೀಪುರದಲ್ಲಿ ಶಿಕಾರಿ ಮುಗಿದ ಕಥೆ. ಆದರೆ ಬೆಟ್ಟದ ಬುಡದ ಹೊಲಗಳಲ್ಲಿ ಹಿಂಸೆಯ ಪ್ರಶ್ನೆ ಮುಗಿದಿಲ್ಲ, ಅದರ ಸಲಕರಣೆ ಮಾತ್ರ ಬದಲಾಗಿದೆ. ಜೋಳ, ಸೂರ್ಯಕಾಂತಿ, ಅರಿಶಿನ ಬೆಳೆಯುವ ರೈತ ಅಟ್ಟಣೆಯ ಮೇಲೆ ರಾತ್ರಿಯೆಲ್ಲ ಕೂತು ತಮಟೆ ಪಟಾಕಿಗಳಿಂದ ಕಾಯ್ದರೂ ಹಂದಿಯ ಹಿಂಡೋ ಆನೆಯೋ ಒಂದು ಗಂಟೆಯಲ್ಲಿ ಹೊಲವನ್ನು ನೆಲಸಮ ಮಾಡುತ್ತದೆ. ಅವನ ಸಿಟ್ಟನ್ನು ವಿರೋಧಿ ಹಿಂಸೆಯ ಕಲಮಿಗೆ ಸೇರಿಸಲು ಯಾವ ಆಚಾರ್ಯರೂ ಹಿಂದೆಮುಂದೆ ನೋಡಲಾರರು. ಹೀಗಿದ್ದೂ ಬೇಲಿಯ ಕಿಂಡಿಯಲ್ಲಿ ಕಟ್ಟುವ ಉರುಳಿನ ವಿಷಯ ಬೇರೆ. ಬೈಕಿನ ಕ್ಲಚ್ ವೈರನ್ನು ಬಿಚ್ಚಿ, ಜಾರುಗುಣಿಕೆ ಹಾಕಿ, ಗೂಟಕ್ಕೆ ಬಿಗಿದಿಟ್ಟ ಉರುಳು ಹಂದಿಯ ಕತ್ತು ಹುಲಿಯ ಸೊಂಟ ಎಂದು ಭೇದ ಮಾಡುವುದಿಲ್ಲ, ಎಳೆದಷ್ಟೂ ಬಿಗಿಯುತ್ತದೆ, ಕಟ್ಟಿದವನು ಮನೆಯಲ್ಲಿ ಮಲಗಿರುವಾಗ ಬೆಳಗಿನವರೆಗೂ ಕೆಲಸ ಮಾಡುತ್ತದೆ. ಹಿಟ್ಟಿನುಂಡೆಯಲ್ಲೋ ಹಣ್ಣಿನಲ್ಲೋ ಅಡಗಿಸುವ ಸಿಡಿಮದ್ದು ಇನ್ನೂ ಘೋರ. 2020ರ ಮೇ ತಿಂಗಳಲ್ಲಿ ಪಾಲಕ್ಕಾಡಿನ ಕಡೆ ಬಸಿರಾದ ಆನೆಯೊಂದು ಬಾಯಿ ಸಿಡಿದು ಹೊಳೆಯ ನೀರಿನಲ್ಲಿ ನಿಂತಲ್ಲೇ ಸತ್ತದ್ದನ್ನು ದೇಶವೆಲ್ಲ ನೋಡಿತು. ಪ್ರಮಾದವೆಂಬ ಪದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಹುಡುಕಬೇಕಾಗಿಲ್ಲ: ಪರೀಕ್ಷಿಸಿದ ಗುಂಡಿನಲ್ಲಿ ಸಂಕಲ್ಪ ತಪ್ಪಿದ್ದರೂ ಎಚ್ಚರ ಇರುತ್ತದೆ, ಉರುಳಿನಲ್ಲಿ ಸಂಕಲ್ಪಕ್ಕೆ ನ್ಯಾಯವಿದ್ದರೂ ಎಚ್ಚರ ಸತ್ತಿರುತ್ತದೆ. ಯಾವುದು ಹೆಚ್ಚು ದೋಷವೆಂದು ತೂಗಿ ಹೇಳುವ ತಕ್ಕಡಿ ಸರ್ವಾರ್ಥಸಿದ್ಧಿಯಲ್ಲಿಲ್ಲ. ಆದರೆ ಗುಂಡು ಹಾಕಿದವನಿಗೆ ಪಾಪ, ಉರುಳು ಕಟ್ಟಿದವನಿಗೆ ಪಾಪವಿಲ್ಲ ಎಂದು ಊರು ಸಾಮಾನ್ಯವಾಗಿ ಮಾಡಿಕೊಳ್ಳುವ ಸಮಾಧಾನಕ್ಕಂತೂ ಅದು ಆಸ್ಪದ ಕೊಡುವುದಿಲ್ಲ.

ಮೈಯನ್ನು ಮುಟ್ಟುವ ಮೂರನೆಯ ಬಗೆಯ ಅಸ್ತ್ರವೂ ಈ ಕಾಡಿನಲ್ಲಿದೆ. 2019ರ ಅಕ್ಟೋಬರಿನಲ್ಲಿ ಗೋಪಾಲಸ್ವಾಮಿ ಬೆಟ್ಟ ವಲಯದ ಅಂಚಿನಲ್ಲಿ ಇಬ್ಬರನ್ನು ಕೊಂದ ಹುಲಿಯನ್ನು ಅರಣ್ಯ ಇಲಾಖೆ ಅರಿವಳಿಕೆ ಹೊಡೆದು ಜೀವಂತ ಹಿಡಿಯಿತು. ಅರಿವಳಿಕೆಯ ಡಾರ್ಟ್ ಕೂಡ ನಳಿಗೆಯಿಂದ ಹಾರುವ ವಸ್ತುವೇ. ಮುಂದೆ ಸೂಜಿ, ನಡುವೆ ಮದ್ದಿನ ಕೊಳವೆ, ಹಿಂದೆ ನೇರ ಹಾರಲೆಂದು ಬಣ್ಣದ ಕುಚ್ಚು. ಗುಂಡಿನ ಪರೀಕ್ಷೆಯಲ್ಲಿ ಎಷ್ಟು ಆಳಕ್ಕೆ ಇಳಿಯಿತೆಂದು ಹಿಗ್ಗುವವರಿದ್ದರೆ ಇಲ್ಲಿ ಆಳಕ್ಕೆ ಇಳಿಯಬಾರದೆಂಬುದೇ ಹದ: ಹತ್ತಿರದಿಂದ ಜೋರಾಗಿ ಬಡಿದರೆ ಮೂಳೆ ಮುರಿದೀತು, ದೂರಕ್ಕೆ ಒತ್ತಡ ಸಾಲದಿದ್ದರೆ ಮದ್ದು ಒಳಗಿಳಿಯದೆ ಹುಲಿ ಕೆರಳೀತು, ಆದ್ದರಿಂದ ಅಂತರ ನೋಡಿ ಒತ್ತಡ ಹೊಂದಿಸಬೇಕು, ಮೈಯ ತೂಕವನ್ನು ಕಣ್ಣಳತೆಯಲ್ಲೇ ಊಹಿಸಿ ಮದ್ದಿನ ಪ್ರಮಾಣ ನಿರ್ಧರಿಸಬೇಕು. ಎಚ್ಚರವೂ ಸಂಕಲ್ಪವೂ ಒಂದೇ ಕಡೆಗೆ ಮುಖ ಮಾಡಿರುವ ಅಪರೂಪದ ಈಡು ಇದು. ಹಾಗೆಂದು ಇದು ನಿರ್ಮಲವಾದ ಅಹಿಂಸೆಯಲ್ಲ, ಹಿಡಿದ ಹುಲಿಗೆ ಕಾಡು ತಪ್ಪಿ ಉಳಿದ ಆಯುಸ್ಸು ಪಂಜರದಲ್ಲೇ ಕಳೆಯುತ್ತದೆ.

ಯಾದವರ ನಾಶದ ನಂತರ ಕೃಷ್ಣ ಕಾಡಿನಲ್ಲಿ ಒರಗಿದ್ದಾಗ ಜರನೆಂಬ ಬೇಡ ಅವನ ಪಾದವನ್ನು ಜಿಂಕೆಯ ಮುಖವೆಂದು ಬಗೆದು ಬಾಣ ಬಿಟ್ಟನೆಂದು ಭಾಗವತ ಹೇಳುತ್ತದೆ, ಆ ಬಾಣದ ಮೊನೆ ಯದುಕುಲದ ಶಾಪದ ಒನಕೆಯಲ್ಲಿ ಉಳಿದ ಕಬ್ಬಿಣದ ತುಂಡು. ಬೇಟೆಯ ಲೆಕ್ಕದಲ್ಲಿ ಅದು ಕೆಟ್ಟ ಈಡು. ಗುರಿಯನ್ನು ಸರಿಯಾಗಿ ನೋಡಿರಲಿಲ್ಲ, ಬಿದ್ದದ್ದು ಅಂಗಾಲಿಗೆ. ಆದರೆ ಜರ ತಾನು ಹೊಡೆದದ್ದು ಏನೆಂದು ನೋಡಲು ಹತ್ತಿರಕ್ಕೆ ಹೋದ, ನೋಡಿ ನಡುಗಿ ಕಾಲಿಗೆ ಬಿದ್ದ, ಕೃಷ್ಣ ಅವನನ್ನು ಸಂತೈಸಿ ಕಳಿಸಿದ. ಬೆಟ್ಟದ ಮೇಲೆ, ಮಂಜು ಗರ್ಭಗುಡಿಯ ಬಾಗಿಲವರೆಗೂ ಬರುವ ಬೆಳಗಿನ ಹೊತ್ತಿನಲ್ಲಿ, ಕೊಳಲು ಹಿಡಿದ ಕೈಗಳ ಕಡೆಗೇ ಎಲ್ಲರ ಕಣ್ಣು ಹೋಗುತ್ತದೆ. ಆ ಪಾದಗಳು ಇರುವುದು ಕೆಳಗೆ, ಹೂವಿನ ರಾಶಿಯ ಮರೆಯಲ್ಲಿ.